ಗಾಡಿ ಬ್ಯಾಡ, ಗಾಣ ಬೇಕು

ಭಾಗ 1

ಈ ಸೀರೀಸ್ ಉದ್ದ ಐತಿ. ಟೈಮ್ ಇಲ್ಲ ಅಂದ್ರ ಸೇವ್ ಮಾಡಿ ರಾತ್ರಿ ಓದ್ರಿ. ಆದ್ರ ಗಾಡಿಗೆ ಅಡ್ವಾನ್ಸ್ ಕೊಡೋಕಿಂತ ಮೊದಲ ಓದ್ರಿ.

ನಿಮ್ಮ ಫೀಡ್‌ಗೂ ಆ ರೀಲ್ ಬಂದಿರ್ತೈತಿ. ಹಳೇ ಡೀಸೆಲ್ ಕಾರು ಒಂದು, ನೀಲಿ ಪ್ಲಾಸ್ಟಿಕ್ ಡ್ರಮ್ ಒಂದು, ಹಿಂದೆ ಜೋರು ಮ್ಯೂಸಿಕ್. "ಲೀಟರ್‌ಗೆ 20 ರೂಪಾಯಿ ಒಳಗ ಮನ್ಯಾಗ ಡೀಸೆಲ್ ಮಾಡ್ರಿ, ಪಂಪ್ ಕಡೆ ತಲಿ ಹಾಕಬ್ಯಾಡ್ರಿ." ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆ, ಸ್ವಲ್ಪ ಕೆಮಿಕಲ್, ಒಂದು ರಾತ್ರಿ ಬಿಟ್ರ ಮುಗೀತು. ಬೆಳಿಗ್ಗೆ ಗಾಡಿ ಸ್ಟಾರ್ಟ್.

ನಮ್ಮ ಕ್ಲಾಸಿನ ಇಬ್ಬರು ಈಗಾಗ್ಲೇ ರಾಣೇಬೆನ್ನೂರಾಗ ಗಾಡಿ ನೋಡ್ಕೊಂಡು ಬಂದಾರ. ಒಬ್ಬನ ಪಾಲಿನ ದುಡ್ಡು ಅವರ ಮನಿ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮಾರಿ ಬಂದ ದುಡ್ಡು. ಆ ದುಡ್ಡು ಹೆಂಗ ಬರ್ತೈತಿ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ರೇಟ್ ಬಿದ್ದ ದಿನ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿದ್ದದ್ದನ್ನ ಇಡೀ ರಾಜ್ಯ ನೋಡೈತಿ.

ಅದಕ್ಕ ಈ ಬರಹ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ: ಜೈವಿಕ ಇಂಧನ ಸುಳ್ಳಲ್ಲ. ಆದ್ರ ಅದನ್ನ ಒಬ್ಬೊಬ್ಬರ ಅಡುಗೆಮನಿಗೆ, ಒಬ್ಬೊಬ್ಬರ ಹಳೇ ಕಾರಿಗೆ ಇಳಿಸೋದು ಶುದ್ಧ ದಡ್ಡತನ. ನಮಗ ಬೇಕಾಗಿರೋದು ಗಾಡಿ ಅಲ್ಲ, ಗಾಣ. ಯಾಕ ಅಂತ ಒಂದೊಂದ ಹೇಳ್ತೀನಿ.

ಭಾಗ 2: ಶೇಂಗಾ ಎಣ್ಣೆಯ ಕಥೆ

ರೀಲ್ ಮಾಡೋರು ಹೇಳೋ ಮೊದಲ ಮಾತು: "ಡೀಸೆಲ್ ಇಂಜಿನ್ ಹುಟ್ಟಿದ್ದೇ ಶೇಂಗಾ ಎಣ್ಣಿ ಮ್ಯಾಲ. 1893ರ ಆಗಸ್ಟ್ 10ರಂದು ರುಡಾಲ್ಫ್ ಡೀಸೆಲ್ ಶೇಂಗಾ ಎಣ್ಣಿ ಹಾಕಿ ಓಡಿಸಿದ."

ಅರ್ಧ ನಿಜ, ಅರ್ಧ ಸುಳ್ಳು. 1893ರ ಆಗಸ್ಟ್ 10ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅವನ ಇಂಜಿನ್ನಿನೊಳಗೆ ಮೊದಲ ಸಲ ಇಂಧನ ಹತ್ತಿತು, ಅದು ಖರೆ. ಆದರೆ ಅದಕ್ಕೆ ಹಾಕಿದ್ದು ಭೂಮಿಯಿಂದ ತೆಗೆದ ಎಣ್ಣೆ. ಶೇಂಗಾ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಅಲ್ಲಿ ಓಟ್ಟೋ ಕಂಪನಿಯವರು ಒಂದು ಸಣ್ಣ ಡೀಸೆಲ್ ಇಂಜಿನ್ನನ್ನ ಶೇಂಗಾ ಎಣ್ಣೆ ಹಾಕಿ ಓಡಿಸಿ ತೋರಿಸಿದರು. ಆಫ್ರಿಕಾದ ವಸಾಹತುಗಳಲ್ಲಿ ಅಲ್ಲೇ ಬೆಳೆಯುವ ಶೇಂಗಾದಿಂದ ಇಂಜಿನ್ ನಡೆಸಬಹುದಾ ಅಂತ ನೋಡೋದು ಫ್ರೆಂಚ್ ಸರ್ಕಾರದ ಆಸೆ.

ಈ ಎರಡು ತಾರೀಖು ಕಲಸಿ ಪ್ರತಿ ಆಗಸ್ಟ್ 10ಕ್ಕ ವಿಶ್ವ ಜೈವಿಕ ಇಂಧನ ದಿನದ ಪೋಸ್ಟ್ ಹಾಕ್ತಾರ. ತಾರೀಖು ತಪ್ಪಿದ್ರ ಏನ್ ಲುಕ್ಸಾನು ಅಂತೀರಾ? ಲುಕ್ಸಾನು ಐತಿ. ಸರಿಯಾದ ಕಥೆ ಏನ್ ಹೇಳ್ತೈತಿ ನೋಡ್ರಿ: ಒಂದು ಊರು ಅಥವಾ ಒಂದು ಸೀಮೆ ತನ್ನ ನೆಲದ ಎಣ್ಣೆಯಿಂದ ನಿಂತಲ್ಲೇ ನಿಲ್ಲುವ ಇಂಜಿನ್ ಓಡಿಸಬಹುದು. ಒಬ್ಬ ಹುಡುಗ ಹೈವೇ ಮ್ಯಾಲ ಕಾರ್ ಓಡಿಸಿ ಶೋ ಕೊಡಬಹುದು ಅಂತ ಆ ಕಥೆ ಎಲ್ಲೂ ಹೇಳಿಲ್ಲ.

ಭಾಗ 3: ನಮ್ಮವರೇ ಮಾಡಿ ತೋರಿಸಿದ್ದು

ಪ್ಯಾರಿಸ್ ದೂರ ಆತು. ಕರ್ನಾಟಕಕ್ಕ ಬರ್ರಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಅಂತ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಇದ್ದರು. 'ಸೂತ್ರ' ಎಂಬ ಯೋಜನೆಯಲ್ಲಿ ಹಳೇ ಮೈಸೂರು ಕಡೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ನಡೆಸಿ, ಆ ಕರೆಂಟಿನಿಂದ ಬೋರ್‌ವೆಲ್ ನೀರೆತ್ತಿ ಹೊಲಕ್ಕೆ ಕೊಟ್ಟರು. ನಮ್ಮಿಂದ ದೂರ ಇಲ್ಲದ ದಾಂಡೇಲಿಯಲ್ಲಿ ಫೆರೋ ಅಲಾಯ್ಸ್ ಕಾರ್ಖಾನೆಯೊಂದು ತನ್ನ ದೊಡ್ಡ ಜನರೇಟರ್‌ಗಳನ್ನ ಹೊಂಗೆ ಎಣ್ಣೆ ಮೇಲೆ ನಡೆಸಿತು.

ಹೊಂಗೆ ಗೊತ್ತಲ್ಲ? ನಮ್ಮ ಹೊಲದ ಬದುವಿನ ಮ್ಯಾಲ, ಹಳ್ಳದ ದಂಡಿಗೆ, ಬಸ್ ಸ್ಟಾಪ್ ಹತ್ರ ನೆಳ್ಳು ಕೊಡೋ ಗಿಡ. ಕೆಲವು ಕಡೆ ಹುಲಗಲ ಅಂತಾರ. ಎಣ್ಣಿ ಕಹಿ, ತಿನ್ನೋಕ ಬರಂಗಿಲ್ಲ. ಅದಕ್ಕ ಹಿಂದ ದೀಪಕ್ಕ ಹಾಕ್ತಿದ್ರು. ತಿನ್ನೋ ಎಣ್ಣಿ ಜೋಡಿ ಜಗಳ ಇಲ್ಲದ ಎಣ್ಣಿ ಅದು. ಹಿಂಡಿ ಹೊಲಕ್ಕ ಒಳ್ಳೆ ಗೊಬ್ಬರ.

ಈ ಎರಡೂ ಕಡೆ ಒಂದು ಸಂಗತಿ ಸಮಾನ ಐತಿ. ಓಡಿದ್ದು ಕಾರಲ್ಲ. ಒಂದೇ ಜಾಗದಾಗ ನಿಂತು, ಒಂದೇ ವೇಗದಾಗ, ತಾಸುಗಟ್ಟಲೆ ಓಡೋ ಇಂಜಿನ್. ಪಕ್ಕದಾಗ ಅದನ್ನ ನೋಡ್ಕೊಳ್ಳೋ ಮನುಷ್ಯ. ಗಾಡಿ ಇಂಜಿನ್ ಹಂಗಲ್ಲ. ಸಿಗ್ನಲ್‌ಗೆ ನಿಲ್ತೈತಿ, ಹಂಪ್ ಹತ್ತತೈತಿ, ತಣ್ಣಗ ಸ್ಟಾರ್ಟ್ ಆಗ್ತೈತಿ, ಹತ್ತು ನಿಮಿಷಕ್ಕ ಬಂದ್ ಆಗ್ತೈತಿ. ಸಸ್ಯದ ಎಣ್ಣೆಗೆ ಆಗದೇ ಇರೋ ಕೆಲಸ ಎಲ್ಲಾ ಅದ್ರಾಗ ಅದಾವ.

ಭಾಗ 4: ಎಣ್ಣೆ ಸೀದಾ ಹಾಕಿದ್ರ ಏನಾಗ್ತೈತಿ

ಎರಡು ಬೇರೆ ಬೇರೆ ಮಾತು ಅದಾವ, ರೀಲ್‌ನ್ಯಾಗ ಎರಡನ್ನೂ ಕಲಸ್ತಾರ.

ಒಂದು, ಅಡುಗೆ ಎಣ್ಣೆಯನ್ನ ಸೋಸಿ ಸೀದಾ ಟ್ಯಾಂಕಿಗೆ ಸುರಿಯೋದು. ಸಸ್ಯದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ದಪ್ಪ. ನೋಝಲ್‌ನಿಂದ ಮಂಜಿನ ಹಾಗೆ ಸಿಡಿಯಬೇಕಾದದ್ದು ದೊಡ್ಡ ದೊಡ್ಡ ಹನಿಯಾಗಿ ಬೀಳ್ತದೆ. ಪೂರ್ತಿ ಸುಡೋದಿಲ್ಲ. ನೋಝಲ್ ತುದಿಗೆ ಕರಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ, ಸುಡದ ಎಣ್ಣೆ ಕೆಳಗೆ ಇಳಿದು ಇಂಜಿನ್ ಆಯಿಲ್ ಜೋಡಿ ಸೇರಿ ಅಂಟಾಗುತ್ತದೆ. ಮೊದಲ ತಿಂಗಳು ಗಾಡಿ ಚಲೋ ಓಡ್ತೈತಿ. ರೀಲ್ ಶೂಟ್ ಆಗೋದು ಆ ಮೊದಲ ತಿಂಗಳಾಗ.

ಇನ್ನೊಂದು, ಬಯೋಡೀಸೆಲ್. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೇರಿಸಿ ಬಿಸಿ ಮಾಡಿ ತಿರುವಿದರೆ ಎಣ್ಣೆಯ ದೊಡ್ಡ ಅಣು ಒಡೆದು ತೆಳುವಾದ ಎಸ್ಟರ್ ಆಗುತ್ತದೆ, ಗ್ಲಿಸರಿನ್ ಕೆಳಗೆ ಕೂಡುತ್ತದೆ. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ ಬೇಕು. ಪಿಯುಸಿ ಕೆಮಿಸ್ಟ್ರಿಯ ಎಸ್ಟರ್ ಪಾಠ ನೆನಪು ಮಾಡ್ಕೊಳ್ರಿ, ಅದೇ ಇದು.

ಆದರೆ ಹತ್ತು ಸಲ ಕಾಸಿದ ಎಣ್ಣೆಯಲ್ಲಿ, ಹಳೇ ಹೊಂಗೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಜಾಸ್ತಿ ಇರುತ್ತದೆ. ನೀರೂ ಇರುತ್ತದೆ. ಅದಕ್ಕೆ ಕಾಸ್ಟಿಕ್ ಹಾಕಿದರೆ ಬಯೋಡೀಸೆಲ್ ಆಗೋದಿಲ್ಲ, ಸಾಬೂನು ಆಗುತ್ತದೆ. ಅದಕ್ಕ ಪ್ರತಿ ಡ್ರಮ್ಮಿಗೂ ಮೊದಲು ಟೈಟ್ರೇಶನ್ ಮಾಡಬೇಕು, ಆಮ್ಲ ಜಾಸ್ತಿ ಇದ್ರ ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಇನ್ನೊಂದು ಹಂತ ಮಾಡಬೇಕು. ರೀಲ್‌ನ್ಯಾಗ ಬ್ಯೂರೆಟ್ ನೋಡೀರೇನು? ನಾನಂತೂ ನೋಡಿಲ್ಲ.

ಭಾಗ 5: ಮೆಥನಾಲ್ ಅಂದ್ರ ಆಟದ ಸಾಮಾನಲ್ಲ

ಈ ಭಾಗ ಮಾತ್ರ ಬಿಟ್ಟು ಮುಂದ ಹೋಗಬ್ಯಾಡ್ರಿ.

"ಸ್ವಲ್ಪ ಕೆಮಿಕಲ್" ಅಂತ ರೀಲ್‌ನ್ಯಾಗ ಹೇಳ್ತಾರಲ್ಲ, ಆ ಕೆಮಿಕಲ್ಲಿನ ಹೆಸರು ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರನ್ನ ಕೊಂದದ್ದು ಇದೇ ಮೆಥನಾಲ್. ಹತ್ತು ಎಂಎಲ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಕುಡಿಯಲೇಬೇಕು ಅಂತಿಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ.

ನೋಡೋಕ ನೀರಿನಂಗ ಇರ್ತೈತಿ. 65 ಡಿಗ್ರಿಗೆ ಕುದಿಯುತ್ತದೆ. ಅದರ ಆವಿಗೆ ಬೆಂಕಿ ಹತ್ತಲು 12 ಡಿಗ್ರಿಯ ಆಸುಪಾಸು ಸಾಕು. ಅಂದ್ರ ನಮ್ಮ ಹಾವೇರಿ ಬಿಸಿಲಾಗ ಮುಚ್ಚಳ ತೆಗೆದ ಕ್ಷಣದಿಂದ ಅದು ಬೆಂಕಿಗೆ ರೆಡಿ. ಇನ್ನೂ ಕೆಟ್ಟದ್ದು, ಹಗಲು ಹೊತ್ತಿನ್ಯಾಗ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣಂಗಿಲ್ಲ. ಹತ್ತಿದ್ದು ಗೊತ್ತಾಗೋದು ಕೈ ಸುಟ್ಟ ಮ್ಯಾಲ.

ಈಗ ರೀಲಿನ ಸೀನ್ ನೆನಪು ಮಾಡ್ಕೊಳ್ರಿ. ಹಿತ್ತಲಾಗ ಗ್ಯಾಸ್ ಒಲಿ, ಮ್ಯಾಲ ಡ್ರಮ್, ಒಬ್ಬ ಬರಿಗೈಯ್ಯಾಗ ಕಟ್ಟಿಗಿ ಹಿಡಿದು ತಿರುವಾಕತ್ತಾನ. ಪಕ್ಕದಾಗ ತಮ್ಮ ತಂಗಿ ಆಡಾಕತ್ತಾರ. ಮಿನರಲ್ ವಾಟರ್ ಬಾಟಲಿಯಾಗ ಉಳಿದ ಮೆಥನಾಲ್. ಬ್ಯಾಸಗಿ ದಿನ, ಯಾವನೋ ಬಾಯಾರಿ ಬಂದು ಆ ಬಾಟಲಿ ಎತ್ತಿದ್ರ? ಇದಕ್ಕ ಲೈಕ್ ಒತ್ತೋರು ಒಮ್ಮೆ ವಿಚಾರ ಮಾಡ್ರಿ.

ಮೆಥನಾಲ್ ಕಾನೂನಿನ ಪ್ರಕಾರ ವಿಷ. ಇಟ್ಟುಕೊಳ್ಳೋಕ, ಮಾರೋಕ ಲೈಸೆನ್ಸ್ ಬೇಕು. "ಗೊತ್ತಿದ್ದೋರ ಕಡೆ ಸಿಗ್ತೈತಿ" ಅಂತ ತರೋರು ಕೇಸು ಹೊತ್ಕೊಂಡು ಬರ್ತಾರ, ಇಂಧನ ಅಲ್ಲ.

ಭಾಗ 6: ಬರ್ರಿ, ಲೆಕ್ಕ ಮಾಡೋಣು

ಈಗ ದುಡ್ಡಿನ ಮಾತು. ರಾಣೇಬೆನ್ನೂರಿನಿಂದ ಹಾವೇರಿಗೆ ಸುಮಾರು 33 ಕಿ.ಮೀ. ಹೋಗಿ ಬರೋಕ 66. ತಿಂಗಳಿಗೆ 24 ದಿನ ಕಾಲೇಜು ಅಂದ್ರ ಸುಮಾರು 1,600 ಕಿ.ಮೀ. ಹಳೇ ಗಾಡಿ ಲೀಟರ್‌ಗೆ 15 ಕೊಟ್ರ ತಿಂಗಳಿಗೆ 107 ಲೀಟರ್ ಬೇಕು.

ಅಷ್ಟು ಬಯೋಡೀಸೆಲ್ ಮಾಡೋಕ ಸುಮಾರು 120 ಲೀಟರ್ ಬಳಸಿದ ಎಣ್ಣೆ, 24 ಲೀಟರ್ ಮೆಥನಾಲ್. ಲೆಕ್ಕಕ್ಕಂತ ಎಣ್ಣೆ ಲೀಟರ್‌ಗೆ 50 ರೂಪಾಯಿ, ಮೆಥನಾಲ್ 60 ಅಂತ ಹಿಡಿಯೋಣ. ನಿಮ್ಮ ಕಡೆ ರೇಟ್ ಬ್ಯಾರೆ ಇದ್ರ ನೀವೇ ಬದಲಿಸಿ ನೋಡ್ರಿ. ಒಂದು ಲೀಟರ್ ಬಯೋಡೀಸೆಲ್‌ಗೆ ಎಣ್ಣೆ 56, ಮೆಥನಾಲ್ 13, ಕಾಸ್ಟಿಕ್, ಗ್ಯಾಸ್, ಫಿಲ್ಟರ್ ಎಲ್ಲಾ ಸೇರಿ 6. ಒಟ್ಟು 75. ಬಯೋಡೀಸೆಲ್‌ನಲ್ಲಿ ಶಕ್ತಿ ಸ್ವಲ್ಪ ಕಮ್ಮಿ, ಮೈಲೇಜ್ ಶೇ. 8ರಷ್ಟು ಇಳಿಯುತ್ತದೆ. ಹಂಗಾಗಿ ಒಂದು ಲೀಟರ್ ಡೀಸೆಲ್ಲಿನ ಕೆಲಸಕ್ಕೆ 81 ರೂಪಾಯಿ. ಡೀಸೆಲ್ 90ರ ಆಸುಪಾಸು. ಉಳಿದದ್ದು ಲೀಟರ್‌ಗೆ 9. ತಿಂಗಳಿಗೆ ಸಾವಿರ ರೂಪಾಯಿ ಒಳಗ.

"20 ರೂಪಾಯಿ ಲೀಟರ್" ಹೆಂಗ ಬಂತು ಹಂಗಾದ್ರ? ಎಣ್ಣಿ ಪುಕ್ಕಟ ಸಿಗ್ತೈತಿ ಅಂತ ಹಿಡಿದ್ರ ಬರ್ತೈತಿ. ದಿನಕ್ಕ 4 ಲೀಟರ್ ಪುಕ್ಕಟ ಎಣ್ಣಿ, ಭಾನುವಾರನೂ ಬಿಡದಂಗ, ವರ್ಷಪೂರ್ತಿ. ಯಾರ್ ಕೊಡ್ತಾರ? ಬಳಸಿದ ಎಣ್ಣಿಗೂ ಈಗ ಗಿರಾಕಿ ಅದಾರ.

ನಿಮ್ಮ ಕೂಲಿ ನಾನು ಹಿಡದೇ ಇಲ್ಲ. ಎಣ್ಣಿ ಕೂಡಿಸೋದು, ಸೋಸೋದು, ಕಾಸೋದು, ತೊಳೆಯೋದು. ಬಯೋಡೀಸೆಲ್ ತೊಳೆಯೋಕ ಲೀಟರ್‌ಗೆ ಒಂದು ಲೀಟರ್ ನೀರು ಹಿಡಿದ್ರೂ ವರ್ಷಕ್ಕ 1,200 ಲೀಟರ್‌ಗಿಂತ ಜಾಸ್ತಿ ಸಾಬೂನು, ಕಾಸ್ಟಿಕ್, ಮೆಥನಾಲ್ ಕೂಡಿದ ನೀರು. ಅದನ್ನ ಎಲ್ಲಿ ಚೆಲ್ತೀರಿ? ಓಣಿ ಗಟಾರಕ್ಕೇನು? ನೂರು ಕೆಜಿಗೂ ಮೀರಿ ಬರೋ ಗ್ಲಿಸರಿನ್ ರಾಡಿ ಯಾರ ಹೊಲಕ್ಕ?

ಇನ್ನೊಂದು ಲೆಕ್ಕ ಯಾರೂ ಹೇಳಂಗಿಲ್ಲ. ಅದೇ ದಾರಿಗೆ ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸ್ ಐತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯೊಳಗ ಅಕ್ಕ-ತಂಗ್ಯಾರಿಗೆ ಟಿಕೆಟ್ಟೇ ಇಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಒಂದೇ ರೈಲು ಮಾರ್ಗದ ಮ್ಯಾಲ ಅದಾವ. ಬಸ್ ತುಂಬಿ ಬರ್ತೈತಿ, ಖರೆ. ಹಂಗಾದ್ರ ಇನ್ನೊಂದು ಬಸ್ ಕೇಳೋಣು. ಒಂದು ಲಕ್ಷ ಹಾಕಿ ಗಾಡಿ ತಗೊಳ್ಳೋಕಿಂತ ಅದು ಅಗ್ಗದ ಹೋರಾಟ.

ಭಾಗ 7: ಆ ಹಳೇ ಗಾಡಿ ಅನ್ನೋದು

"ಹಳೇ ಇಂಜಿನ್ ಏನ್ ಹಾಕಿದ್ರೂ ಕುಡೀತೈತಿ." ಗ್ಯಾರೇಜಿನ ಈ ಮಾತಿನ್ಯಾಗ ಸತ್ಯ ಐತಿ. ಹಳೇ ಇಂಡಿಕಾ, ಹಳೇ ಸುಮೋ, ಡೀಸೆಲ್ ಅಂಬಾಸಿಡರ್‌ಗಳಲ್ಲಿ ಇಂಧನ ಮೊದಲು ಒಂದು ಸಣ್ಣ ಕೋಣೆಯಲ್ಲಿ ಹತ್ತಿ ಆಮೇಲೆ ಸಿಲಿಂಡರಿಗೆ ಬರುತ್ತದೆ. ಅವು ದಪ್ಪ ಇಂಧನವನ್ನ ಸ್ವಲ್ಪ ತಡೆದುಕೊಳ್ಳುತ್ತವೆ. ಕಾಮನ್ ರೈಲ್ ಬಂದ ಮೇಲಿನ ಗಾಡಿಗಳು ತಡೆಯೋದಿಲ್ಲ. ಅವುಗಳ ಇಂಜೆಕ್ಟರ್ ಹೋದ್ರ ಗಾಡಿ ರೇಟಿನಷ್ಟೇ ಬಿಲ್ ಬಂದ್ರೂ ಆಶ್ಚರ್ಯ ಇಲ್ಲ.

ಆದರೆ ತಡಕೊಳ್ಳೋದು ಬೇರೆ, ಒಗ್ಗೋದು ಬೇರೆ. ಬಯೋಡೀಸೆಲ್ ಹಳೇ ರಬ್ಬರ್ ಪೈಪು, ಸೀಲುಗಳನ್ನ ಮೆತ್ತಗೆ ಮಾಡಿ ತಿನ್ನುತ್ತದೆ. ಇಪ್ಪತ್ತು ವರ್ಷದಿಂದ ಟ್ಯಾಂಕಿನ ತಳದಲ್ಲಿ ಕೂತ ರಾಡಿಯನ್ನ ಎಬ್ಬಿಸಿ ಫಿಲ್ಟರ್ ಕಟ್ಟಿಸುತ್ತದೆ. ನಮ್ಮ ಕಡೆ ಬಂಡಿಗಳಲ್ಲಿ ಕರಿಯೋದು ಹೆಚ್ಚಾಗಿ ಪಾಮ್ ಎಣ್ಣೆ. ಪಾಮ್ ಬಯೋಡೀಸೆಲ್ 13–16 ಡಿಗ್ರಿಗೆ ಮೋಡ ಕಟ್ಟಿ ಗಟ್ಟಿಯಾಗಲು ಶುರು ಮಾಡುತ್ತದೆ. ಜನವರಿ ತಿಂಗಳ ನಸುಕಿನ್ಯಾಗ ಮೋಟೆಬೆನ್ನೂರು ದಾಟೋದ್ರೊಳಗ ಗಾಡಿ ನಿಂತ್ರ, ಎಕ್ಸಾಮ್ ಹಾಲ್‌ಗೆ ರೀಲ್ ಮಾಡಿದವ ಬಂದು ಬಿಡಂಗಿಲ್ಲ.

ಕಾಗದ ಪತ್ರದ್ದು ಬೇರೆನೇ ಐತಿ. 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ ಫೀ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗೈತಿ. 20 ವರ್ಷ ದಾಟಿದ್ದಕ್ಕ 2025ರಲ್ಲಿ 10,000 ಮಾಡಿದರು. ಮ್ಯಾಲ ಹಸಿರು ತೆರಿಗೆ, ಫಿಟ್ನೆಸ್, ಇನ್ಶೂರೆನ್ಸ್. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆ ಗಾಡಿ "ಭಾರಿ ಸೋವಿ" ಅಂತ ಯಾರಾದರೂ ತೋರಿಸಿದ್ರ, ಎನ್‌ಒಸಿ ಮತ್ತು ಕರ್ನಾಟಕದ ರೋಡ್ ಟ್ಯಾಕ್ಸ್ ಕೂಡಿಸಿ ನೋಡ್ರಿ. ಕೆಎ 27 ಅಥವಾ ಕೆಎ 68 ನಂಬರ್ ಹತ್ತೋ ಹೊತ್ತಿಗೆ ಸೋವಿ ಉಳಿದಿರಂಗಿಲ್ಲ.

ಇಂಧನಕ್ಕೂ ಒಂದು ಮಾನದಂಡ ಐತಿ. ಶುದ್ಧ ಬಯೋಡೀಸೆಲ್‌ಗೆ ಐಎಸ್ 15607. ನಿಮ್ಮ ಡ್ರಮ್ಮಿಗೆ ಆ ಸರ್ಟಿಫಿಕೇಟ್ ಯಾರ್ ಕೊಡ್ತಾರ? ನಾಳೆ ಗಾಡಿಗೆ ಬೆಂಕಿ ಹತ್ತಿದ್ರ ಇನ್ಶೂರೆನ್ಸ್‌ನವರು ಕೇಳೋ ಮೊದಲ ಪ್ರಶ್ನೆ ಅದೇ ಇರ್ತೈತಿ.

ಭಾಗ 8: ಮಿರ್ಚಿ ಬಂಡಿಯ ಎಣ್ಣೆ ಎಲ್ಲಿ ಹೋಗ್ತೈತಿ

ಈಗ ಖರೇ ಸಿಟ್ಟಿನ ಮಾತಿಗೆ ಬರ್ತೀನಿ.

ಗಿರ್ಮಿಟ್ ಮಿರ್ಚಿ ಬಿಟ್ರ ನಮ್ಮ ಸಂಜೆ ಇಲ್ಲ. ಆ ಬುಟ್ಟಿ ಕೆಳಗಿನ ಕಡಾಯಿ ಎಣ್ಣಿ ನೋಡೀರೇನು? ಚಹಾದ ಬಣ್ಣ ದಾಟಿ ಡಾಂಬರಿನ ಬಣ್ಣಕ್ಕ ಬಂದಿರ್ತೈತಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಪ್ರಕಾರ, 2018ರ ಜುಲೈ 1ರಿಂದ ಕಾದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ದಾಟಿದರೆ ಅದನ್ನ ಅಡುಗೆಗೆ ಬಳಸುವಂತಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ 'ರೂಕೋ' ಅಂತ ಯೋಜನೆ ಬಂತು: ಬಳಸಿದ ಎಣ್ಣೆ ಕೂಡಿಸಿ ಬಯೋಡೀಸೆಲ್ ಮಾಡೋದು. 2019ರ ಮಾರ್ಚ್‌ನಿಂದ ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವ ಹೋಟೆಲುಗಳು ದಾಖಲೆ ಇಟ್ಟು, ಅಧಿಕೃತ ಸಂಗ್ರಹಗಾರರಿಗೇ ಕೊಡಬೇಕು.

50 ಲೀಟರ್ ಒಳಗಿನವರು? ನಮ್ಮ ಮೂರೂ ಊರಿನ ಬಂಡಿ, ಖಾನಾವಳಿ, ಬೇಕರಿ ಬಹಳಷ್ಟು ಇದೇ ಲೆಕ್ಕದಾಗ ಬರ್ತಾವ. ಅವರಿಗೆ ಎಣ್ಣಿ ಕೊಡೋಕ ಹತ್ತಿರದಾಗ ಜಾಗ ಇಲ್ಲ, ಚೆಲ್ಲಿದ್ರ ಲುಕ್ಸಾನು. ಹಂಗಾಗಿ ಕರಿ ಎಣ್ಣಿಗೆ ಹೊಸ ಎಣ್ಣಿ ಸುರುವಿ ಮತ್ತ ಕಾಸ್ತಾರ. ಅದು ಕೊನೆಗೆ ಹೋಗೋದು ನಮ್ಮ ಹೊಟ್ಟಿಗೆ. ಬಂಡಿಯವರನ್ನ ಬೈಯಬ್ಯಾಡ್ರಿ. ಹತ್ತು ರೂಪಾಯಿ ಮಿರ್ಚಿಯೊಳಗ ಅವರಿಗೆ ಉಳಿಯೋದೆಷ್ಟು? ಆ ಎಣ್ಣಿಗೆ ಯೋಗ್ಯ ರೇಟ್ ಕೊಟ್ಟು ಒಯ್ಯೋರು ಬಂದ್ರ ಅವರೂ ಕೊಡ್ತಾರ.

ನೋಡ್ರಿ, ಬಯೋಡೀಸೆಲ್ಲಿನ ನಿಜವಾದ ಲಾಭ ಇಲ್ಲೈತಿ. ಒಬ್ಬನ ಗಾಡಿ ಖರ್ಚು ಉಳಿಯೋದಲ್ಲ, ಊರಿನ ಹೊಟ್ಟಿ ಉಳಿಯೋದು. ಒಬ್ಬ ಹುಡುಗ ಗಾಡಿ ಹಾಕ್ಕೊಂಡು ನಾಲ್ಕು ಬಂಡಿ ಸುತ್ತಿದ್ರ ಅದು ಆಗಂಗಿಲ್ಲ. ಊರಿಗೊಂದು ಸಂಗ್ರಹ ಕೇಂದ್ರ ಆದ್ರ ಆಗ್ತೈತಿ. ರಾಣೇಬೆನ್ನೂರು ನಗರಸಭೆ, ಹಾವೇರಿ ನಗರಸಭೆ, ಬ್ಯಾಡಗಿ ಪುರಸಭೆ ಮೂರೂ ಕಸದ ಗಾಡಿ ಓಡಿಸ್ತಾವಲ್ಲ, ವಾರಕ್ಕೊಮ್ಮೆ ಒಂದು ಎಣ್ಣೆ ಕ್ಯಾನ್ ಯಾಕ ಒಯ್ಯಬಾರದು?

ಭಾಗ 9: ಜಟ್ರೋಫಾದ ಪಾಠ

"ಹಂಗಾದ್ರ ಸರ್ಕಾರ ಮಾಡ್ಲಿ ಬಿಡು" ಅಂತ ಕೂಡೋದೂ ತಪ್ಪು. ಸರ್ಕಾರ ಮಾಡೈತಿ, ಹೆಂಗ ಮಾಡೈತಿ ನೋಡ್ರಿ.

2003ರಲ್ಲಿ ಯೋಜನಾ ಆಯೋಗ ಜಟ್ರೋಫಾ ಅಂದಿತು. ಬಂಜರು ನೆಲದಾಗ ನೀರಿಲ್ಲದ ಬೆಳೀತೈತಿ, ದೇಶಕ್ಕ ಡೀಸೆಲ್ ಕೊಡ್ತೈತಿ ಅಂತ ದೊಡ್ಡ ಆಸೆ ತೋರಿಸಿದರು. 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇ. 20 ಮಿಶ್ರಣ ಅಂತ ಗುರಿ ಇಟ್ಟಿತು. ಏನಾತು? ಬಂಜರು ನೆಲದಾಗ ಗಿಡ ಬದುಕಿತು, ಕಾಯಿ ಬಿಡಲಿಲ್ಲ. ಕಾಯಿ ಬಿಡೋ ನೆಲದಾಗ ರೈತ ಅದಕ್ಕಿಂತ ಚಲೋ ಬೆಳಿ ಬೆಳೀತಿದ್ದ. ಬಯೋಡೀಸೆಲ್ ಮಿಶ್ರಣ ಶೇ. 1ನ್ನೂ ಮುಟ್ಟಲಿಲ್ಲ. 2018ರ ಹೊಸ ನೀತಿ ಗುರಿಯನ್ನ ಶೇ. 5ಕ್ಕೆ ಇಳಿಸಿ 2030ಕ್ಕೆ ದೂಡಿತು.

ಕರ್ನಾಟಕ ಸ್ವಲ್ಪ ಬೇರೆ ದಾರಿ ಹಿಡಿಯಿತು. 2009ರಲ್ಲಿ ರಾಜ್ಯದ್ದೇ ಜೈವಿಕ ಇಂಧನ ನೀತಿ, ಆಮೇಲೆ ಮಂಡಳಿ, 'ಬರಡು ಬಂಗಾರ', 'ಹಸಿರು ಹೊನ್ನು' ಕಾರ್ಯಕ್ರಮ, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್. ಹೊಂಗೆ, ಬೇವು, ಹಿಪ್ಪೆಯಂತಹ ನಮ್ಮ ಗಿಡಗಳನ್ನೇ ಬದುವಿನ ಮೇಲೆ ಬೆಳೆಸೋಣ ಅನ್ನೋ ವಿಚಾರ. ವಿಚಾರ ಚಲೋನೇ ಇತ್ತು. ಗಿಡ ಹಚ್ಚಿದ್ದಾತು, ಬೋರ್ಡ್ ಹಚ್ಚಿದ್ದಾತು. ಆದರೆ ಬೀಜ ಕೊಳ್ಳೋರು, ಎಣ್ಣೆ ತೆಗೆಯೋರು ಊರ ಹತ್ತಿರ ಇಲ್ಲದಿದ್ದರೆ ಹೊಂಗೆ ಕಾಯಿ ರಸ್ತೆ ಮೇಲೆ ಬಿದ್ದು ಗಾಡಿ ಗಾಲಿಗೆ ಸಿಕ್ಕು ಪುಡಿಯಾಗುತ್ತದೆ. ಪ್ರತಿ ಬೇಸಿಗೆ ಆಗೋದು ಅದೇ.

ಮೇಲಿನಿಂದ ಇಳಿದ ಜಟ್ರೋಫಾ ಕನಸು, ಈಗ ಫೋನಿನಿಂದ ಇಳಿದ ಹಳೇ ಕಾರಿನ ಕನಸು. ಎರಡರ ರೋಗ ಒಂದೇ. ನೆಲ ನೋಡಂಗಿಲ್ಲ, ಲೆಕ್ಕ ಮಾಡಂಗಿಲ್ಲ, ಮಾರ್ಕೆಟ್ ಕೇಳಂಗಿಲ್ಲ.

ಭಾಗ 10: ಗಾಣ ಯಾಕ

ಒಂದು ಕೊನೇ ಲೆಕ್ಕ. ಆ ಒಂದು ಗಾಡಿಗೆ ವರ್ಷಕ್ಕೆ ಸುಮಾರು 1,280 ಲೀಟರ್ ಬೇಕು ಅಂದೆನಲ್ಲ. ಅದನ್ನ ಹೊಂಗೆಯಿಂದ ತೆಗೀಬೇಕಂದ್ರ ಲೀಟರ್‌ಗೆ 4 ಕೆಜಿ ಬೀಜ. ಒಟ್ಟು 5 ಟನ್ ದಾಟುತ್ತದೆ. ಗಿಡಕ್ಕೆ 20 ಕೆಜಿ ಹಿಡಿದರೂ 250ಕ್ಕೂ ಹೆಚ್ಚು ಗಿಡ. ಒಬ್ಬ ಹುಡುಗ ಕಾಲೇಜಿಗೆ ಹೋಗಿ ಬರೋಕ ಇಷ್ಟು ಗಿಡದ ಫಸಲು!

ಅಷ್ಟೇ ಎಣ್ಣೆಯಿಂದ 5 ಎಚ್‌ಪಿ ಪಂಪ್‌ಸೆಟ್ ಇಂಜಿನ್ ಸುಮಾರು ಸಾವಿರ ತಾಸು ಓಡ್ತೈತಿ. ಕರೆಂಟ್ ಕೈಕೊಟ್ಟ ದಿನ ಹತ್ತಾರು ರೈತರ ಹೊಲಕ್ಕ ನೀರು ಹಾಯ್ತೈತಿ. ಡೀಸೆಲ್ ಮೇಲೆ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿ ಆದ ಮೇಲೆ ಹೊಂಗೆ ಎಣ್ಣೆಗೆ ತಿರುವಿ, ಬಂದ್ ಮಾಡೋ ಮೊದಲು ಮತ್ತೆ ಡೀಸೆಲ್ ಮೇಲೆ ಸ್ವಲ್ಪ ಹೊತ್ತು ಓಡಿಸೋ ಪದ್ಧತಿ ಐತಿ. ಮೆಥನಾಲ್ ಬೇಡ, ಕಾಸ್ಟಿಕ್ ಬೇಡ, ತೊಳೆಯೋ ನೀರು ಬೇಡ. ಹಿಂಡಿ ಅದೇ ಊರಿನ ಹೊಲಕ್ಕ ಗೊಬ್ಬರ. ಒಂದೇ ಮಾತು ನೆನಪಿಡ್ರಿ: ಹೊಂಗೆ ಹಾಕಿದ ಗಾಣದಾಗ ತಿನ್ನೋ ಶೇಂಗಾ, ಕುಸುಬಿ ಹಾಕಬಾರದು. ಅದಕ್ಕ ಬ್ಯಾರೆ ಗಾಣನೇ ಬೇಕು.

"ಅಷ್ಟೆಲ್ಲಾ ಯಾರ್ ಮಾಡ್ತಾರಪಾ?" ಅಂತ ಕಾಮೆಂಟ್ ಬರೋದು ನನಗ ಗೊತ್ತೈತಿ. ನಮ್ಮ ಜಿಲ್ಲೆಯೊಳಗ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಐತಿ. ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಐತಿ. ಲ್ಯಾಬ್ ಐತಿ, ಫ್ಯೂಮ್ ಹುಡ್ ಐತಿ, ಕಲಿಸೋರು ಅದಾರ. ಬಯೋಡೀಸೆಲ್ ಮಾಡೋ ಆಸೆ ಇದ್ರ ಅಲ್ಲಿ ಮಾಡ್ರಿ, ಅರ್ಧ ಲೀಟರ್ ಮಾಡ್ರಿ, ಟೈಟ್ರೇಶನ್ ಕಲೀರಿ. ಪ್ರಾಜೆಕ್ಟ್‌ಗೆ ಕಾಪಿ ಹೊಡೆದ ರಿಪೋರ್ಟ್ ಕೊಡೋ ಬದಲು ಬಂಡಿ ಬಂಡಿಗೆ ಹೋಗಿ ವಾರಕ್ಕ ಎಷ್ಟು ಎಣ್ಣಿ ಉಳೀತೈತಿ, ಯಾವ ರೇಟಿಗೆ ಕೊಡ್ತಾರ ಅಂತ ಬರ್ಕೊಂಡು ಬರ್ರಿ. ಆ ಪಟ್ಟಿ ಹಿಡ್ಕೊಂಡು ನಗರಸಭೆಗೆ ಹೋಗೋಣು. ಬ್ಯಾಸಗಿಯಾಗ ಎನ್‌ಎಸ್‌ಎಸ್ ಕ್ಯಾಂಪ್ ಇದ್ರ ಗ್ವಾಡಿಗೆ ಸುಣ್ಣ ಹಚ್ಚೋದ್ರ ಜೋಡಿ ನಾಲ್ಕು ಚೀಲ ಹೊಂಗೆ ಬೀಜನೂ ಆರಿಸೋಣು.

ಇದು ಕಾರಿನಷ್ಟು ಸ್ಟೈಲ್ ಅಲ್ಲ, ಒಪ್ತೀನಿ. ಗಾಣದ ಮುಂದ ನಿಂತು ರೀಲ್ ಮಾಡಿದ್ರ ವ್ಯೂಸ್ ಕಮ್ಮಿ ಬರ್ತಾವ. ಆದ್ರ ಕಗ್ಗನಹಳ್ಳಿಯಾಗ ನೀರು ಬಂದದ್ದು ವ್ಯೂಸ್‌ನಿಂದ ಅಲ್ಲ.

ಗಾಡಿ ನೋಡಿ ಬಂದ ಆ ಇಬ್ಬರು ದೋಸ್ತರಿಗೆ: ನಿಮ್ಮನ್ನ ನಗಸಾಕ ಇದನ್ನ ಬರೆದಿಲ್ಲ. ಸ್ವಂತ ಊರಿನ ಎಣ್ಣೆಯಿಂದ ಇಂಜಿನ್ ಓಡಿಸಬೇಕು ಅನ್ನೋ ನಿಮ್ಮ ಆಸೆ ಚಲೋದು. ಆ ಆಸೆ ಇಟ್ಕೊಳ್ರಿ, ಅಡ್ವಾನ್ಸ್ ಕೊಡಬ್ಯಾಡ್ರಿ. ಮೆಣಸಿನಕಾಯಿ ದುಡ್ಡು ಮನ್ಯಾಗ ಇರ್ಲಿ. ಸೋಮವಾರ ಕ್ಲಾಸ್ ಮುಗಿದ ಮ್ಯಾಲ ಬರ್ರಿ, ಮೊದಲ ಬಂಡಿ ನಾವು ಮೂವರೂ ಕೂಡೇ ಕೇಳೋಣು.

ಲೆಕ್ಕ ತಪ್ಪೈತಿ ಅನ್ನಿಸಿದ್ರ ನಿಮ್ಮ ಲೆಕ್ಕ ಕಾಮೆಂಟ್‌ನ್ಯಾಗ ಹಾಕ್ರಿ, ವಾದ ಮಾಡೋಣು. ಆ ರೀಲ್ ಕಳಿಸಿದ ಗ್ರೂಪ್‌ಗೇ ಇದನ್ನೂ ಕಳಿಸ್ರಿ.

#ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಹೊಂಗೆ #ಗಾಡಿಬ್ಯಾಡಗಾಣಬೇಕು